ಗದ್ವಾಲಕ್ಕೆ ವರ್ಗ

ಆ ಸಾಫ್ಟ್‌ವೇರಿನಲ್ಲಿ ಕೋಳಿಗೆ ಜಾಗ ಇರಲಿಲ್ಲ. ಅಪ್ಪನಿಗೂ ನನಗೂ ಮೊದಲ ಜಗಳ ಹತ್ತಿದ್ದು ಅದರ ಮೇಲೆಯೇ.

ನಮ್ಮದು ಮಕ್ತಲ್, ತೆಲಂಗಾಣದ ಗಡಿಯ ಊರು; ಹೊರಗೆ ತೆಲುಗು, ಮನೆಯಲ್ಲಿ ಕನ್ನಡ. ಅಪ್ಪ ಬಾಲರಾಜ ಬಸ್ ಕಂಡಕ್ಟರಾಗಿ ರಿಟೈರ್ ಆದವನು, ಈಗ ನಮ್ಮ ಚರ್ಚಿನ ಖಜಾಂಚಿ. ಕಾಣಿಕೆ ಎಣಿಸುವಾಗಲೂ ಅವನು ಕಂಡಕ್ಟರೇ. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಗಿಸಿಕೊಳ್ಳುತ್ತಾನೆ. ಯಾರಾದರೂ ಹಿಂದಿನ ಬೆಂಚಿನ ಹತ್ತಿರ ಗುಂಪಾಗಿ ನಿಂತರೆ "ಒಳಗ ಸರಕೊಳ್ರಿ, ಒಳಗ ಸರಕೊಳ್ರಿ" ಎನ್ನುತ್ತಾನೆ. ನಾನು ಅವನ ಮಗಳು ನವನೀತಾ. ನಾರಾಯಣಪೇಟೆಯಲ್ಲಿ ಶರಣಬಸವ ಸಾಹುಕಾರರ ಸೀರೆ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತೇನೆ. ಕಂಪ್ಯೂಟರ್ ಬರುತ್ತದೆ ಎಂಬ ಒಂದೇ ತಪ್ಪಿಗೆ ಚರ್ಚಿನ ಲೆಕ್ಕವೂ ನನ್ನ ಕೊರಳಿಗೆ ಬಿತ್ತು.

ಹೋದ ವರ್ಷ ನಮ್ಮ ಮೇಲಿನ ಆಫೀಸಿನವರು ಎಲ್ಲ ಊರಿನ ಚರ್ಚುಗಳಿಗೂ ಒಂದೇ ಸಾಫ್ಟ್‌ವೇರ್ ಕೊಟ್ಟರು. ಇನ್ನು ಮೇಲೆ ಖಜಾಂಚಿಯ ವರದಿ ಕೈಬರಹದಲ್ಲಿ ನಡೆಯುವುದಿಲ್ಲ, ಕಾಣಿಕೆ, ಖರ್ಚು, ಸದಸ್ಯರು ಎಲ್ಲವೂ ಕಂಪ್ಯೂಟರಿನಲ್ಲೇ ಇರಬೇಕು ಎಂದರು. ಅದನ್ನು ಮಾಡಿದ ಪುಣ್ಯಾತ್ಮರು ಯಾವ ಊರಿನವರೋ, ಅವರ ಚರ್ಚಿಗೆ ಜನ ಬರೀ ರೊಕ್ಕ ತರುತ್ತಿದ್ದರೆಂದು ಕಾಣುತ್ತದೆ. ನಮ್ಮಲ್ಲಿ ಹಾಗಲ್ಲ. ಅನ್ನಕ್ಕೆ ಎಸರಿಡುವಾಗ ಹೆಂಗಸರು ದೇವರ ಹೆಸರಿನಲ್ಲಿ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾರೆ. ವಾರದ ಆ ಅಕ್ಕಿ ಭಾನುವಾರ ಚರ್ಚಿಗೆ ಬರುತ್ತದೆ. ಅದರ ಜೊತೆಗೆ ಕುಂಬಳಕಾಯಿ, ಮೊಟ್ಟೆ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಎಲ್ಲವೂ ಅಂಗಳದಲ್ಲಿ ಹರಾಜು.

"ಇತರೆ ಅಂತ ಹಾಕ್ತೀನಿ ಅಪ್ಪಾ," ಅಂದೆ.

"ಇತರೆ ಅಂದ್ರ? ಕಿಷ್ಟಮ್ಮ ಮನಿಗಿ ಬಂದ ಬೀಗರಿಗೂ ಕೊಯ್ಯದ ಹುಂಜ ತಂದು ಕೊಟ್ಟಾಳ. ಅದು ಇತರೆ ಏನು? ಕೋಳಿ ಅಂತ ಬರಿ."

"ಕೋಳಿ ಅಂತ ಬರಿಯಾಕ ಬರಂಗಿಲ್ಲ ಇದರಾಗ."

"ಬರಂಗಿಲ್ಲ ಅಂದ್ರ ಅದೆಂಥಾ ಕಂಪ್ಯೂಟರು?"

ಅವ್ವ ಒಲೆಯ ಮುಂದೆ ಕೂತು ನಗುತ್ತಿದ್ದಳು. ಅವ್ವ ಬುಚ್ಚಮ್ಮ. ಅವಳು ನಗುವುದು ಅಪರೂಪವಾಗಿತ್ತು. ಕೋಳಿಯ ದೆಸೆಯಿಂದ ಅದಾದರೂ ಆಯಿತಲ್ಲ ಎಂದು ನಾನು ಇನ್ನೊಂದು ಸ್ವಲ್ಪ ಹೊತ್ತು ಬೇಕೆಂದೇ ಜಗಳ ಎಳೆದೆ.

ಅವ್ವ ನಗದೇ ಇರುವುದಕ್ಕೆ ಕಾರಣ ನನ್ನ ಅಣ್ಣ ದಯಾಕರ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ ಅವನದು. ಮೂರು ವರ್ಷದ ಹಿಂದೆ ಆಗಸ್ಟ್ ತಿಂಗಳಲ್ಲಿ, ತಾಮ್ರದ ತಂತಿ ತರುತ್ತೇನೆಂದು ಬೈಕ್ ಹತ್ತಿ ಗದ್ವಾಲಕ್ಕೆ ಹೊರಟ. ಸಂಜೆಯಾದರೂ ಬರಲಿಲ್ಲ. ಮರುದಿನ ಜೂರಾಲ ಡ್ಯಾಮಿನ ಆಚೆ, ಧರೂರು ಕಡೆಯ ದಂಡೆಯಲ್ಲಿ ಬೈಕ್ ಸಿಕ್ಕಿತು. ಹತ್ತಿರದಲ್ಲಿ ಚಪ್ಪಲಿ ಇದ್ದವು. ಆವತ್ತು ಡ್ಯಾಮಿನ ಗೇಟುಗಳನ್ನು ತೆರೆದಿದ್ದರು, ಕೃಷ್ಣಾ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಮುಖ ತೊಳೆಯಲು ಇಳಿದನೋ, ಕಾಲು ಜಾರಿತೋ, ಮನಸ್ಸಿನಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ. ಈಜುಗಾರರು ಹುಡುಕಿದರು, ಪೊಲೀಸರು ಹುಡುಕಿದರು. ಹೆಣ ಸಿಗಲಿಲ್ಲ.

ಊರು ಅವನು ಸತ್ತ ಅಂತ ತೀರ್ಮಾನ ಮಾಡಿತು. ಅಪ್ಪ ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ಅವನೂ ಹಾಗೇ ತಿಳಿದಿದ್ದ ಅಂತ ನನಗೆ ಗೊತ್ತು. ನಾನು ಅಣ್ಣನ ಮೇಲೆ ಸಿಟ್ಟು ಮಾಡಿಕೊಂಡು ಕೂತೆ. ಸತ್ತವನ ಮೇಲೆ ಸಿಟ್ಟು ಮಾಡಬಾರದಂತೆ. ಮಾಡಬಾರದು ನಿಜ, ಏನು ಮಾಡಲಿ, ಬರುತ್ತಿತ್ತು. ಅವ್ವ ಮಾತ್ರ ಒಪ್ಪಲಿಲ್ಲ. "ಅಂವ ಎಲ್ಲೋ ಅದಾನ. ಬರ್ತಾನ," ಅನ್ನುತ್ತಿದ್ದಳು. ರಾತ್ರಿ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ಬಾಗಿಲ ಹತ್ತಿರವೇ ಚಾಪೆ ಹಾಸಿಕೊಂಡು, ಫೋನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುವಳು. ಮಲಗುವಳು ಅಷ್ಟೇ, ನಿದ್ದೆ ಮಾಡುತ್ತಿರಲಿಲ್ಲ. ಯಾವಾಗ ಎಚ್ಚರಾದರೂ ಅವಳ ಬಳೆ ಸದ್ದು ಕೇಳುತ್ತಿತ್ತು.

ಇನ್ನೊಂದು ಕೆಲಸವನ್ನೂ ಅವಳು ಬಿಡಲಿಲ್ಲ. ನಮ್ಮ ಚರ್ಚಿನಲ್ಲಿ ದೊಡ್ಡವರಾದ ಪ್ರತಿಯೊಬ್ಬರಿಗೂ ತಿಂಗಳ ಚಂದಾದ ಒಂದು ಕವರು ಇರುತ್ತದೆ, ಮೇಲೆ ಹೆಸರು ಬರೆದಿರುತ್ತದೆ. ಚಂದಾ ನಿಂತರೆ ಸದಸ್ಯನ ಹೆಸರು ಹೋಗುತ್ತದೆ. ಹೆಸರು ಹೋದರೆ ಆ ಚರ್ಚಿನಲ್ಲಿ ಮದುವೆ ಇಲ್ಲ, ಸತ್ತರೆ ಸಂಘದ, ಅಂದರೆ ಚರ್ಚಿನವರ, ಸಮಾಧಿ ಭೂಮಿಯಲ್ಲಿ ಜಾಗವೂ ಇಲ್ಲ. ಅವ್ವ ತಿಂಗಳು ತಿಂಗಳು ದಯಾಕರನ ಕವರನ್ನೂ ತುಂಬಿ ಹಾಕುತ್ತಿದ್ದಳು. "ಬಂದ ಮ್ಯಾಲೆ ಲಗ್ನ ಮಾಡಬೇಕು. ಆಗ ನಿನ್ನ ಹೆಸರು ಇಲ್ಲಿ ಇಲ್ಲಪಾ ಅಂತ ಯಾರೂ ಅನಬಾರದು," ಅನ್ನುವಳು. ಅಪ್ಪ ಆ ಕವರನ್ನು ತಗೊಂಡು, ಉಳಿದವರದ್ದು ಬರೆದುಕೊಂಡ ಹಾಗೆಯೇ ಬರೆದುಕೊಳ್ಳುತ್ತಿದ್ದ. ಅವರಿಬ್ಬರ ನಡುವೆ ಅಣ್ಣನ ವಿಷಯಕ್ಕೆ ಉಳಿದಿದ್ದ ಮಾತುಕತೆ ಅಂದರೆ ಆ ಕವರು ಒಂದೇ.

ಮಾರ್ಚ್ ಮುಗಿಯುತ್ತಿದ್ದಂತೆ ವರ್ಷದ ಲೆಕ್ಕ ಮುಗಿಸಬೇಕಾಯಿತು. ಸಾಫ್ಟ್‌ವೇರ್ ಒಂದು ಹೊಸ ಹಟ ಹಿಡಿಯಿತು. ಪ್ರತಿಯೊಬ್ಬ ಸದಸ್ಯರ ಫೋನಿಗೂ ಒಂದು ನಂಬರ್ ಹೋಗುತ್ತದೆ, ಅದನ್ನು ಅವರು ಹೇಳಬೇಕು, ನಾವು ಹಾಕಬೇಕು. ಆಗ ಹೆಸರು ಹಸಿರಾಗುತ್ತದೆ. ಹಾಕದಿದ್ದರೆ ಕೆಂಪು. ಕೆಂಪು ಹೆಸರು ಒಂದೇ ಒಂದು ಇದ್ದರೂ ವರದಿ ಮುಚ್ಚುವುದಿಲ್ಲ. ಕೆಂಪಾಗಿರುವವನು ಏನಾದ ಅಂತ ಹೇಳಬೇಕು: ಮೃತಪಟ್ಟಿದ್ದಾನೆ, ಬೇರೆ ಸಂಘಕ್ಕೆ ವರ್ಗವಾಗಿದ್ದಾನೆ, ಹೆಸರು ತೆಗೆಯಲಾಗಿದೆ. ಈ ಮೂರರಲ್ಲಿ ಒಂದು.

ಅಪ್ಪನೂ ನಾನೂ ಕೆಂಪು ಹೆಸರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಬಂದೆವು. ಶ್ರೀರಾಮುಲು ತಾತ ತೀರಿಹೋಗಿದ್ದ, ಬರೆದೆವು. ಕಿಷ್ಟಮ್ಮನ ಮಗಳು ಮದುವೆಯಾಗಿ ಉಂಡವಳ್ಳಿಗೆ ಹೋಗಿದ್ದಳು, ವರ್ಗ ಅಂತ ಹಾಕಿದೆವು. ಒಬ್ಬ ಹೆಂಡ ಕುಡಿದು ಅಯ್ಯಗಾರಿಗೆ, ಅಂದರೆ ನಮ್ಮ ಪಾದ್ರಿಗೆ, ಹೊಡೆಯಲು ಹೋಗಿದ್ದ. ಅವನನ್ನು ಅಪ್ಪ ಬಹಳ ಸಂತೋಷದಿಂದ ತೆಗೆಸಿದ. ಕೊನೆಗೆ ಒಂದು ಹೆಸರು ಉಳಿಯಿತು.

ದಯಾಕರ, ತಂದೆ ಬಾಲರಾಜ.

ಅವ್ವ ಬಂದು ಹಿಂದೆ ನಿಂತಳು. "ಯಾಕ ಕೆಂಪಗ ಐತಿ ಅವನ ಹೆಸರು? ಅವನ ಕವರು ಒಂದು ತಿಂಗಳೂ ತಪ್ಪಿಲ್ಲ."

"ಕವರಿಂದಲ್ಲವ್ವಾ. ಫೋನಿಗಿ ನಂಬರ್ ಹೋಗಬೇಕು. ಅವನ ಫೋನು ಇಲ್ಲಲ್ಲ."

"ನನ್ನ ಫೋನಿಗಿ ಕಳಸು. ನಾ ಹೇಳ್ತೀನಿ."

"ನಿನ್ನ ಹೆಸರಿಗಿ ಒಮ್ಮಿ ಆಗೇತಿ. ಎರಡು ಸಲ ತಗೊಳಂಗಿಲ್ಲ."

"ಹಂಗಾದ್ರ ಕೆಂಪಗೇ ಇರಲಿ. ಯಾರಿಗೇನು ತ್ರಾಸು?"

ಅಪ್ಪ ಬಾಗಿಲ ಕಡೆ ನೋಡುತ್ತಾ ಕೂತಿದ್ದ. ನನಗೆ ರೇಗಿತು. ಅಂಗಡಿಯ ಕೆಲಸ ಮುಗಿಸಿ ಬಂದು ಇದನ್ನು ನೋಡುತ್ತಿದ್ದೆ, ತಲೆ ಸಿಡಿಯುತ್ತಿತ್ತು. "ಅಪ್ಪಾ, ಏನಾರ ಒಂದು ಹೇಳು. ಸತ್ತಾನ ಅಂತ ಒತ್ತಲ್ಯಾ?" ಅಂದುಬಿಟ್ಟೆ.

ಅವ್ವ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಲ್ಯಾಪ್‌ಟಾಪಿನ ಮೇಲೆ ಸೆರಗು ಹಾಕಿ ಮುಚ್ಚಿದಳು. "ನಿನ್ನ ಬಾಯಾಗಿಂದ ಆ ಮಾತು ಬರಬಾರದಿತ್ತು, ನೀತಾ," ಅಂದಳು. ಅಪ್ಪನ ಕಡೆ ತಿರುಗಿ, "ನೀವು ಬರೀಬ್ಯಾಡ್ರಿ. ನಿಮ್ಮ ಕೈಯಾರ ಬರೀಬ್ಯಾಡ್ರಿ. ಬರದ್ರ ನಾ ಈ ಮನ್ಯಾಗ ಇರಂಗಿಲ್ಲ," ಅಂದಳು. ಅಪ್ಪ ಹೂಂ ಅಂದ.

ಸಂಘದ ವಾರ್ಷಿಕ ಸಭೆ ಏಪ್ರಿಲ್ ಮೊದಲ ಭಾನುವಾರ. ಹಿಂದಿನ ದಿನ ಮಧ್ಯಾಹ್ನ ಅಪ್ಪ, ನಾನು ಚರ್ಚಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೂತಿದ್ದೆವು. ಅಯ್ಯಗಾರು ಎರಡು ಸಲ ಇಣುಕಿ ನೋಡಿ, "ಆಯ್ತೇನು ಬಾಲರಾಜು? ಮೇಲಿನವರು ಫೋನ್ ಮಾಡಾಕತ್ತಾರ," ಅಂದು ಹೋದರು. ಎಲ್ಲ ಲೆಕ್ಕವೂ ಕೂಡಿತ್ತು. ಕೋಳಿಗಳು ಇತರೆಯಲ್ಲಿ ತೆಪ್ಪಗೆ ಕೂತಿದ್ದವು. ಆ ಒಂದು ಕೆಂಪು ಹೆಸರು ಬಿಟ್ಟರೆ ಬೇರೆ ಅಡ್ಡಿ ಇರಲಿಲ್ಲ.

"ಸರಿ ಸ್ವಲ್ಪ," ಅಂದ ಅಪ್ಪ. ನನ್ನ ಜಾಗದಲ್ಲಿ ಕೂತ. ಮೌಸ್ ಹಿಡಿಯಲು ಅವನಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಮೇಜಿನ ಅಂಚಿನವರೆಗೂ ಎಳೆದುಕೊಂಡು ಹೋಗಿ, ಎತ್ತಿ, ಮತ್ತೆ ಎಳೆದ. ಬೇರೆ ಸಂಘಕ್ಕೆ ವರ್ಗ ಎಂಬುದನ್ನು ಒತ್ತಿದ. ಯಾವ ಸಂಘ ಅಂತ ಅದು ಕೇಳಿತು. ಊರುಗಳ ಹೆಸರು ಸಾಲಾಗಿ ಬಂದವು. ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದಿ, ಗದ್ವಾಲ ಬಂದಾಗ ನಿಲ್ಲಿಸಿದ.

ಅಣ್ಣ ಅವತ್ತು ಹೊರಟದ್ದು ಗದ್ವಾಲಕ್ಕೇ.

"ಅಪ್ಪಾ, ಇದು ಸುಳ್ಳು," ಅಂದೆ.

"ನಿಮ್ಮವ್ವಗ ಹೇಳಬ್ಯಾಡ," ಅಂದು ಒತ್ತಿಬಿಟ್ಟ. ಕೆಂಪು ಹೋಯಿತು. ವರದಿ ಮುಚ್ಚಿತು.

ಮರುದಿನ ಸಭೆಯಲ್ಲಿ ಅಪ್ಪ ವರದಿ ಓದಿದ. ವರ್ಗವಾದವರು ಇಷ್ಟು ಮಂದಿ ಅಂತ ಲೆಕ್ಕ ಬಂತೇ ಹೊರತು ಹೆಸರು ಬರಲಿಲ್ಲ. ಎಲ್ಲರೂ ಆಮೆನ್ ಅಂದರು. ಅವ್ವ ಹೆಂಗಸರ ಸಾಲಿನಲ್ಲಿ ಕೂತು ಅಣ್ಣನ ಕವರನ್ನು ಕಾಣಿಕೆ ಚೀಲಕ್ಕೆ ಹಾಕಿದಳು. ಅದನ್ನು ನೋಡಲಾರದೆ ನಾನು ನೆಲ ನೋಡಿದೆ.

ನಮಗೆ ಹೊಳೆಯದೇ ಹೋದ ಸಂಗತಿ ಒಂದಿತ್ತು. ಊರೂರಿನ ಚರ್ಚುಗಳಿಗೆಲ್ಲ ಒಂದೇ ಸಾಫ್ಟ್‌ವೇರ್ ಅಲ್ಲವೇ? ನಾವು ಇಲ್ಲಿಂದ ಕಳಿಸಿದವನು ಅಲ್ಲಿಗೆ ಹೋಗಿ ಮುಟ್ಟುತ್ತಾನೆ. ಗದ್ವಾಲದ ಚರ್ಚಿನಲ್ಲಿ ನನ್ನಂಥವಳೇ ಯಾರೋ ಒಬ್ಬಳು, ಮಕ್ತಲ್‌ನಿಂದ ಬಂದ ಹೆಸರು ನೋಡಿ, ಸ್ವೀಕರಿಸಲಾಗಿದೆ ಅಂತ ಒತ್ತಿದ್ದಾಳೆ. ಅವಳ ತಪ್ಪೇನೂ ಇಲ್ಲ. ಆಗ ಒಂದು ಸಂದೇಶ ತಾನಾಗಿಯೇ ಹೊರಟಿದೆ. ಮನೆಯ ನಂಬರು ಅಂತ ನಾವು ಕೊಟ್ಟದ್ದು ಅವ್ವನ ಫೋನು. ಅವನು ಫೋನ್ ಮಾಡಿದರೆ ನನಗೇ ಮಾಡುತ್ತಾನೆ ಎಂದು ಅವಳೇ ಹಟ ಮಾಡಿ ಬರೆಸಿದ್ದಳು.

ಮುಂದಿನ ಶನಿವಾರ ಸಂಜೆ ನಾರಾಯಣಪೇಟೆಯಿಂದ ಬಂದು ಬಸ್ಸಿಳಿದು ಮನೆಗೆ ಹೋದರೆ, ಮನೆಯಲ್ಲಿ ಹಬ್ಬ. ಒಲೆಯ ಮೇಲೆ ಸಜ್ಜೆ ರೊಟ್ಟಿ. ಶೇಂಗಾ ಹುರಿದ ವಾಸನೆ. ಅಣ್ಣನ ನೀಲಿ ಅಂಗಿಗೆ ಇಸ್ತ್ರಿ ಆಗಿತ್ತು. ಅವ್ವ ನನ್ನ ಕೈಹಿಡಿದು ಎಳೆದು ಫೋನ್ ಕೊಟ್ಟಳು.

"ಓದು. ನಾ ಓದೀನಿ, ನೀನೂ ಓದು."

ತೆಲುಗಿನಲ್ಲಿತ್ತು. ಮಕ್ತಲ್ ಸಂಘದಿಂದ ಬಂದ ದಯಾಕರ್ ಗಾರಿಗೆ ಗದ್ವಾಲ ಸಂಘಕ್ಕೆ ಸ್ವಾಗತ. ಈ ಆದಿವಾರದ ಆರಾಧನೆಯಲ್ಲಿ ತಮ್ಮನ್ನು ಎದುರುಗೊಳ್ಳಲು ನಾವೆಲ್ಲ ಕಾದಿದ್ದೇವೆ.

"ಗದ್ವಾಲದಾಗ ಅದಾನ, ನೀತಾ! ಇಷ್ಟು ಸಮೀಪ! ಗದ್ವಾಲದಾಗೇ ಇದ್ದಾನ, ನೋಡು. ನಮ್ಮ ಮ್ಯಾಲೆ ಸಿಟ್ಟೋ ಏನೋ. ಇರಲಿ. ಬೈಯಾಂಗಿಲ್ಲ ನಾನು. ನೀನೂ ಏನೂ ಅನಬ್ಯಾಡ ಅವನಿಗಿ."

ಅಪ್ಪ ಮೂಲೆಯಲ್ಲಿ ಕೂತಿದ್ದ. ನಾನು ನೋಡಿದಾಗ ಮುಖ ತಿರುಗಿಸಿದ.

"ಅವ್ವಾ, ಇದು ಕಂಪ್ಯೂಟರ್ ತಾನಾಗೇ ಕಳಸ್ತೈತಿ..."

"ಕಂಪ್ಯೂಟರಿಗೆ ನಮ್ಮ ದಯಾ ಹೆಂಗ ಗೊತ್ತು?" ಅಂದಳು ಅವ್ವ. "ಯಾರಾರ ಹೋಗಿ, ನಾ ಮಕ್ತಲ್‌ನಂವ, ನನ್ನ ಹೆಸರು ಬರಕೊಳ್ರಿ ಅಂತ ನಿಂತ್ರ ತಾನ ಬರಕೊಳ್ಳೋದು? ನಾ ಲಗ್ನಾಗಿ ಈ ಊರಿಗಿ ಬಂದಾಗ ತವರಿನ ಚರ್ಚಿನ ಚೀಟಿ ಹಿಡಕೊಂಡು ನಾನ ಹೋಗಿ ಅಯ್ಯಗಾರ ಮುಂದ ನಿಂತಿದ್ದೆ. ಸುಮ್ಮಸುಮ್ಮನ ಯಾರ ಹೆಸರು ಯಾರು ಬರೀತಾರ?"

ನಮ್ಮಲ್ಲಿ ವರ್ಗ ಅಂದರೆ ಹಾಗೇ. ಮನುಷ್ಯ ಹೋಗುತ್ತಾನೆ, ಆಮೇಲೆ ಹೆಸರು ಹೋಗುತ್ತದೆ. ಹೆಸರೊಂದೇ ಹೊರಟುಹೋಗುವ ಕಾಲ ಬಂದಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಅಪ್ಪ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋದೆ. ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದ. ತೋಳು ಹಿಡಿದು ನಿಲ್ಲಿಸಿದೆ.

"ಹೇಳ್ತಿಯೋ ಇಲ್ಲೋ?"

"ಹೆಂಗ ಹೇಳ್ಲಿ? ಅಕಿ ಹಾಡು ಹೇಳಾಕತ್ತಾಳ. ನೀ ಕೇಳಿದ್ಯೋ ಇಲ್ಲೋ? ರೊಟ್ಟಿ ಬಡೀತಾ ಹಾಡು ಹೇಳಾಕತ್ತಾಳ."

"ನಾಳೆ ಅಲ್ಲಿ ಹೋಗಿ ಯಾರನ್ನ ತೋರಸ್ತಿ?"

"ಬಸ್ಸಿನ್ಯಾಗ ಹೇಳ್ತೀನಿ. ಡ್ಯಾಮ್ ಬರೋದರಾಗ ಹೇಳ್ತೀನಿ," ಅಂದ. ನಾನೇ ಹೇಳಬಹುದಿತ್ತು. ಆದರೆ ನಿಜ ಹೇಳಿದರೆ ಅದನ್ನು ಒತ್ತಿದವನು ಅಪ್ಪ ಅಂತಲೂ ಹೇಳಬೇಕಾಗುತ್ತಿತ್ತು. ನಾ ಈ ಮನ್ಯಾಗ ಇರಂಗಿಲ್ಲ ಎಂದ ಅವ್ವನ ಮಾತು ನನ್ನ ಕಿವಿಯಲ್ಲೇ ಇತ್ತು. ಅಣ್ಣನೂ ಇಲ್ಲದ ಮನೆಯಲ್ಲಿ ಇವರಿಬ್ಬರೂ ಒಡೆದುಹೋದರೆ ನಾನು ಯಾರ ಹತ್ತಿರ ಇರಲಿ? ಹೆದರಿಕೆಯಾಯಿತು, ಸುಮ್ಮನಾದೆ.

ಬೆಳಿಗ್ಗೆ ಅವ್ವನನ್ನು ಎಬ್ಬಿಸಬೇಕಾಯಿತು. ಬೆಳಕು ಹರಿದಿತ್ತು. ಅವಳು ಬಾಗಿಲ ಹತ್ತಿರದ ಚಾಪೆಯ ಮೇಲೆ, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅಪ್ಪ ಗೋಡೆಗೊರಗಿ ಕೂತು ಅವಳನ್ನೇ ನೋಡುತ್ತಿದ್ದ. ಅವನ ಕಣ್ಣು ಕೆಂಪಗಿದ್ದವು.

ಆತ್ಮಕೂರು ಮೇಲಿನ ಬಸ್ಸು. ಅವ್ವ ಕಿಟಕಿಯ ಹತ್ತಿರ ಕೂತಳು, ಮಡಿಲಲ್ಲಿ ರೊಟ್ಟಿ ಗಂಟು, ಅದರ ಮೇಲೆ ಮಡಚಿದ ಅಂಗಿ. ಅಪ್ಪ ಅವಳ ಪಕ್ಕ. ನಾನು ಹಿಂದಿನ ಸೀಟಿನಲ್ಲಿ. ಕಂಡಕ್ಟರ್ ಅಪ್ಪನಿಗೆ ಪರಿಚಯದವನೇ, ಗೋಪಾಲ್. "ಏನಣ್ಣಾ, ಎಲ್ಲರೂ ಕೂಡಿ ಹೊಂಟೀರಿ?" ಅಂದ. ಅಪ್ಪ ಉತ್ತರ ಕೊಡುವ ಮೊದಲೇ ಅವ್ವ, "ಮಗನ ಹತ್ರ," ಅಂದಳು. ಗೋಪಾಲನಿಗೆ ಅಣ್ಣನ ವಿಷಯ ಗೊತ್ತು. ಅಪ್ಪನ ಮುಖ ನೋಡಿ, ಟಿಕೆಟ್ ಹರಿದು ಕೊಟ್ಟು, ಏನೂ ಕೇಳದೆ ಮುಂದೆ ಹೋದ.

ಅಮರಚಿಂತ ದಾಟಿತು. ಆತ್ಮಕೂರು ದಾಟಿತು. ಅಪ್ಪ ಪ್ರತಿ ಊರು ಬಂದಾಗಲೂ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಅವ್ವ ತಿರುಗಿ ನೋಡಿದರೆ, "ನೀರು ಬೇಕೇನು?" ಅನ್ನುತ್ತಿದ್ದ. ನನಗೆ ಎದ್ದು ಹೋಗಿ ಅವನನ್ನು ಅಲುಗಾಡಿಸಬೇಕು ಅನ್ನಿಸಿತು.

ಬಸ್ಸು ಜೂರಾಲ ಡ್ಯಾಮಿನ ಮೇಲೆ ಹತ್ತಿತು. ಅಣ್ಣ ಹೋದ ಮೇಲೆ ಅವ್ವ ಈ ದಾರಿ ತುಳಿದಿರಲಿಲ್ಲ. ಗದ್ವಾಲದಲ್ಲಿ ಅವಳ ಸ್ವಂತ ತಂಗಿಯ ಮಗಳ ಮದುವೆಯಾದಾಗಲೂ ಬರಲಿಲ್ಲ. ಈಗ ಕಿಟಕಿಯಿಂದ ಕತ್ತು ಚಾಚಿ ನೋಡಿದಳು. ಬೇಸಿಗೆ. ಗೇಟುಗಳ ಕೆಳಗೆ ಬರೀ ಕಲ್ಲುಬಂಡೆ, ನಡುನಡುವೆ ನಿಂತ ನೀರು. ಒಂದು ಕಡೆ ಎಮ್ಮೆಗಳು ನಡೆದುಕೊಂಡೇ ಆಚೆ ದಂಡೆಗೆ ಹೋಗುತ್ತಿದ್ದವು.

"ಇಷ್ಟೇ ನೀರಾ?" ಅಂದಳು ಅವ್ವ. ಅವಳ ದನಿ ಅರಳಿತ್ತು. "ಇದಕ್ಕ ಇಷ್ಟು ಹೆದರಿದ್ದೆನಾ ನಾ? ನೋಡ್ರಿ, ಎಮ್ಮಿ ನಡಕೊಂತ ಹೋಗಾಕತ್ತಾವ. ಇದರಾಗ ಯಾರು ಮುಳಗತಾರ?"

ಅಪ್ಪ ಬಾಯಿ ತೆರೆದ. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕಾದೆ. ಅವನು ಬಾಯಿ ಮುಚ್ಚಿದ. ಬಸ್ಸು ಡ್ಯಾಮ್ ಇಳಿದು ಧರೂರಿನ ಕಡೆ ಹೊರಟಿತು. ಎರಡೂ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು ಹಸಿರಾಗಿದ್ದವು. ಆ ಹಸಿರನ್ನು ಕಂಡರೂ ನನಗೆ ಸಿಟ್ಟು ಬಂತು.

ಗದ್ವಾಲದ ಚರ್ಚಿನಲ್ಲಿ ಆಗಲೇ ಹಾಡು ಶುರುವಾಗಿತ್ತು. ಅವ್ವ ಒಳಗೆ ಹೋಗದೆ ಬಾಗಿಲಲ್ಲಿ ನಿಂತು ಗಂಡಸರ ಸಾಲನ್ನು ಒಂದು ತುದಿಯಿಂದ ನೋಡಿದಳು. ಬೆನ್ನು, ಕತ್ತು, ತಲೆ. ನೀಲಿ ಅಂಗಿಯವನೊಬ್ಬನ ಹತ್ತಿರ ನಾಲ್ಕು ಹೆಜ್ಜೆ ಹೋಗಿ, ಅವನು ತಿರುಗಿದಾಗ ಹಿಂದಕ್ಕೆ ಬಂದಳು. "ಇನ್ನಾ ಬಂದಿಲ್ಲ. ಅವನದು ಯಾವಾಗ್ಲೂ ತಡ," ಅಂದಳು. ಕುಟುಂಬದವರು ಕೂಡಿ ಕೂರುವ ಹಿಂದಿನ ಬೆಂಚಿನಲ್ಲಿ, ಬಾಗಿಲು ಕಾಣುವ ಹಾಗೆ ಕೂತಳು. ತನ್ನ ಪಕ್ಕ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು. ಯಾರೋ ಅಲ್ಲಿ ಕೂರಲು ಬಂದರೆ, ಮಂದಿ ಬರ್ತಾರ ಅಂದಳು. ಅಪ್ಪ ಆ ಖಾಲಿ ಜಾಗದ ಆಚೆ ಕೂತ.

ವಾಕ್ಯ ಓದಿದರು, ಪ್ರಾರ್ಥನೆ ಆಯಿತು. ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಆಮೇಲೆ ಅಲ್ಲಿನ ಅಯ್ಯಗಾರು ಒಂದು ಹಾಳೆ ಹಿಡಿದು ಮುಂದೆ ಬಂದರು. ಹೊಸದಾಗಿ ಸೇರಿದವರ ಹೆಸರು ಕರೆಯುವುದು, ಅವರು ಮುಂದೆ ಬರುವುದು, ಹಿರಿಯರೆಲ್ಲ ಬಲಗೈ ಕೊಟ್ಟು ಒಳಗೆ ಕರೆದುಕೊಳ್ಳುವುದು ನಮ್ಮ ಪದ್ಧತಿ. ಐಜದಿಂದ ಬಂದ ಒಂದು ಕುಟುಂಬವನ್ನು ಕರೆದರು. ಗಂಡ, ಹೆಂಡತಿ, ಕೂಸು ಹೋಗಿ ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವ್ವನೂ ತಟ್ಟಿದಳು.

"ಮಕ್ತಲ್ ಸಂಘಂ ನುಂಚಿ, ದಯಾಕರ್."

ಅವ್ವ ಬಾಗಿಲು ನೋಡಿದಳು. ಜನ ಆಚೀಚೆ ತಿರುಗಿ ನೋಡಿದರು. ಫ್ಯಾನುಗಳು ತಿರುಗುತ್ತಿದ್ದವು.

"ದಯಾಕರ್. ವಚ್ಚಾರಾ ಅಂಡಿ?" ಬಂದಿದ್ದಾರೇನು ಅಂತ ಮತ್ತೊಮ್ಮೆ ಕೇಳಿದರು.

ಅವ್ವ ಇನ್ನೂ ನಗುಮುಖದಲ್ಲೇ ಬಾಗಿಲು ನೋಡುತ್ತಿದ್ದಳು. ಆಮೇಲೆ, ಬಂದನೇನು ನೋಡ್ರಿ ಎಂದು ಕೇಳಲು ಇರಬೇಕು, ಅಪ್ಪನ ಕಡೆ ತಿರುಗಿದಳು. ಅಪ್ಪ ಬಾಗಿಲನ್ನು ನೋಡುತ್ತಿರಲಿಲ್ಲ. ಇಡೀ ಚರ್ಚಿನಲ್ಲಿ ತಲೆ ತಗ್ಗಿಸಿ ಕೂತವನು ಅವನೊಬ್ಬನೇ. ಕಣ್ಣೀರು ಮೂಗಿನ ತುದಿಗೆ ಬಂದು ಪ್ಯಾಂಟಿನ ಮೇಲೆ ಬೀಳುತ್ತಿತ್ತು.

ಅವ್ವ ಬಹಳ ಹೊತ್ತು ಅವನನ್ನೇ ನೋಡಿದಳು.

"ನೀವು ಬರದ್ರ್ಯಾ?" ಅಂದಳು ಮೆಲ್ಲಗೆ.

ಅಪ್ಪ ತಲೆ ಎತ್ತದೆ ಹೇಳಿದ: "ಗದ್ವಾಲಕ್ಕ ಅಂತ ಮನಿ ಬಿಟ್ಟಂವ, ಬುಚ್ಚಿ. ನಾ ಹೆಂಗ ಅವನನ್ನ ನಡು ದಾರ್ಯಾಗ ಇಳಸಲಿ?"

ಜನ್ಮವೆಲ್ಲಾ ಜನರನ್ನು ಅವರವರ ಊರಿಗೆ ಮುಟ್ಟಿಸಿದ ಮನುಷ್ಯ. ಇದ್ದ ಒಬ್ಬ ಮಗನನ್ನು ಮುಟ್ಟಿಸಲು ಅವನಿಗೆ ಬೇರೆ ದಾರಿ ಸಿಕ್ಕಿರಲಿಲ್ಲ. ನನಗೆ ಅಲ್ಲಿಯವರೆಗೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಓಢಣಿ ಒತ್ತಿಕೊಂಡು ಅತ್ತೆ.

ಅಯ್ಯಗಾರು ಮುಂದಿನ ಹೆಸರಿಗೆ ಹೋಗುವುದರಲ್ಲಿದ್ದರು. ಅಷ್ಟರಲ್ಲಿ ಅವ್ವ ಎದ್ದಳು. ಅಂಗಿ ಮತ್ತು ರೊಟ್ಟಿ ಗಂಟನ್ನು ಪಕ್ಕದ ಖಾಲಿ ಜಾಗದಲ್ಲಿ ಇಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು ನಡುವಿನ ದಾರಿಯಲ್ಲಿ ನಡೆದಳು. ಅಯ್ಯಗಾರು ಏನೂ ತಿಳಿಯದೆ ಬಲಗೈ ಚಾಚಿದರು. ಅವ್ವ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ವಂದನಾಲು ಅಯ್ಯಗಾರೂ," ಅಂದಳು. ಆಮೇಲೆ ತೆಲುಗು ಬರಲಿಲ್ಲ ಅವಳಿಗೆ, ನಮ್ಮ ಮಾತೇ ಬಂತು. "ನಾ ಅವನ ತಾಯಿ. ನಮ್ಮ ಹುಡುಗ ಇಲ್ಲಿತನಕ ಬಂದಿಲ್ರಿ. ದಾರ್ಯಾಗೇ ಇಳದಾನ. ನೀರಾಗ ಹೋದಾನ. ಅವನ ಹೆಸರು ನೀವು ಇಟ್ಟುಕೊಳ್ಳಬ್ಯಾಡ್ರಿ, ನಮಗ ವಾಪಸ್ ಕೊಡ್ರಿ. ನಮ್ಮೂರಾಗ ಇರಲಿ."

ಮೂರು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅಯ್ಯಗಾರಿಗೆ ಕನ್ನಡ ಎಷ್ಟು ತಿಳಿಯಿತೋ ಏನೋ. ಹಾಳೆ ಕೆಳಗಿಟ್ಟು ಅವಳ ಕೈ ಬಿಡದೆ ನಿಂತರು. ಅಮ್ಮಗಾರು, ಅವರ ಹೆಂಡತಿ, ಬಂದು ಅವ್ವನ ಭುಜ ಹಿಡಿದರು. ಆಗ ಅವ್ವ ಅತ್ತಳು. ಆ ಅಳು ಕೇಳಿ ಐಜದ ಕೂಸೂ ಅತ್ತಿತು.

ಹಿಂದಕ್ಕೆ ಬರುವಾಗ ಅವ್ವ ಕಿಟಕಿಯ ಹತ್ತಿರ ಕೂರಲಿಲ್ಲ. ಧರೂರು ದಾಟಿದ ಮೇಲೆ, "ಎಲ್ಲಿ?" ಅಂತ ಒಂದೇ ಮಾತು ಕೇಳಿದಳು. ಅಪ್ಪ ಕೈ ತೋರಿಸಿದ. ಮುಳ್ಳುಜಾಲಿಯ ಗಿಡ, ಒಂದು ಕಲ್ಲು, ಆಚೆ ಬಂಡೆ. ಬಸ್ಸು ನಿಲ್ಲಲಿಲ್ಲ. ಅವ್ವ ಆ ಜಾಗ ಮರೆಯಾಗುವವರೆಗೆ ನೋಡಿದಳು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ, "ಆ ಕಂಪ್ಯೂಟರ್ ತಗಿ," ಅಂದಳು. ಗದ್ವಾಲದವರು ಹೆಸರನ್ನು ಆಗಲೇ ವಾಪಸು ಕಳಿಸಿದ್ದರು. ಮತ್ತೆ ಕೆಂಪಗೆ ಬಂದು ಕೂತಿತ್ತು. "ಸರೀದು ಯಾವುದೈತಿ ಅದು ಒತ್ತು," ಅಂದಳು. ನಾನು ಮೃತಪಟ್ಟಿದ್ದಾನೆ ಎಂಬುದರ ಮೇಲೆ ತಂದು ನಿಲ್ಲಿಸಿದೆ. ಅದು ತಾರೀಖು ಕೇಳಿತು. ಅಪ್ಪ ಎದ್ದು ಹೋಗಲು ನೋಡಿದ. ಅವ್ವ ಅವನ ಕೈಹಿಡಿದು ಕೂರಿಸಿಕೊಂಡು, ಅಣ್ಣ ಮನೆ ಬಿಟ್ಟ ದಿನ ಯಾವುದೋ ಅದನ್ನೇ ಹೇಳಿದಳು. ಬರೆದೆ. ಒತ್ತಲು ನನ್ನ ಬೆರಳು ಏಳಲಿಲ್ಲ. ಅವ್ವ ನನ್ನ ಬೆರಳಿನ ಮೇಲೆ ತನ್ನ ಬೆರಳು ಇಟ್ಟು ಒತ್ತಿದಳು.

"ತಪ್ಪಾತು, ಬುಚ್ಚಿ," ಅಂದ ಅಪ್ಪ. "ದೊಡ್ಡ ತಪ್ಪಾತು ನನ್ನಿಂದ."

ಅವ್ವ ಅಣ್ಣನ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಇಸ್ತ್ರಿಯ ಮಡಿಕೆಯನ್ನು ಬೆರಳಿನಿಂದ ಸವರುತ್ತಿದ್ದಳು.

"ಅದಾನ, ಅದಾನ ಅಂತ ಇಷ್ಟು ದಿನ ಬಾಯಿಲೆ ಅಂತಿದ್ದೆ," ಅಂದಳು. "ಒಳಗ ನನಗೂ ಗೊತ್ತಿತ್ತು. ನಿನ್ನಿ ಒಂದಿನ ಖರೇನ ನಂಬಿದೆ ನೋಡ್ರಿ. ನಿನ್ನಿ ರಾತ್ರಿ ನನಗ ನಿದ್ದಿ ಬಂತು. ಇನ್ನ ಬರಂಗಿಲ್ಲ."

ಹಾಗಂದು ಎದ್ದು ಹೋಗಿ ಗಂಟು ಬಿಚ್ಚಿದಳು. ಮೂರು ತಟ್ಟೆ ಹಾಕಿದಳು. ಅಣ್ಣನಿಗೆಂದು ಬಡಿದ ಸಜ್ಜೆ ರೊಟ್ಟಿ ಆ ಹೊತ್ತಿಗೆ ಗಟ್ಟಿಯಾಗಿದ್ದವು. ನೀರಲ್ಲಿ ಅದ್ದಿಕೊಂಡು ತಿಂದೆವು.